ಶುಕ್ರವಾರದ ಕರೆಂಟು

ಬೆಂಗಳೂರಿನಲ್ಲಿ ಈಗ ಎಲ್ಲರೂ ಸೆಕೆಗೆ ಏಸಿ ಹಾಕಿಸುತ್ತಾರೆ. ನಮ್ಮ ದೊಡ್ಡಮ್ಮ ಹಾಕಿಸಿದ್ದು ಜಗಳಕ್ಕೆ!

ಸೆಕೆ ಇರಲಿಲ್ಲವೆಂದಲ್ಲ. ಶಂಕರಪುರದ ಅವಳ ಮನೆಯ ಮಲಗುವ ಕೋಣೆಗೆ ಮಧ್ಯಾಹ್ನದ ಬಿಸಿಲು ಕರೆಯದ ನೆಂಟನಂತೆ ಬಂದು ಕಾಲು ಚಾಚುತ್ತದೆ. ದೊಡ್ಡಮ್ಮನದೋ, ಸಂಕ್ರಾಂತಿಯ ಬೆಳಗ್ಗೆಯೂ ಸೆರಗಿನಿಂದ ಗಾಳಿ ಹಾಕಿಕೊಳ್ಳುವ ಮೈ. ಆದರೆ ಸೆಕೆಯೊಂದೇ ಕಾರಣವಾಗಿದ್ದರೆ ಅಂಗಡಿಯವನು ಮೊದಲು ತೋರಿಸಿದ ಏಸಿಯನ್ನೇ ಹೊರಿಸಿಕೊಂಡು ಬರಬಹುದಿತ್ತಲ್ಲ? ಅವಳು ಬರಲಿಲ್ಲ. ಯಾಕೆಂದು ಹೇಳಬೇಕಾದರೆ ನಮ್ಮಮ್ಮನ ವಿಷಯ ಹೇಳಬೇಕು.

ದೊಡ್ಡಮ್ಮ ಮದುವೆಯಾದವಳಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಂದರೆ ದೊಡ್ಡಮ್ಮನ ಒಬ್ಬಳೇ ತಂಗಿ, ಅವಳ ಜೊತೆ ಇರಲು ಹೋದಳು. ಒಂದು ಕೋಣೆ, ಎರಡು ಮಂಚ, ಒಂದು ಫ್ಯಾನು. ಎರಡೂ ಮಂಚಗಳ ನಡುವಿನ ಗೋಡೆಯಲ್ಲಿ, ಗಡಿಯ ಕಾವಲು ಠಾಣೆಯ ಹಾಗೆ, ಒಂದು ಗುಂಡನೆಯ ರೆಗ್ಯುಲೇಟರು. ದೊಡ್ಡಮ್ಮನಿಗೆ ಅದು ಐದರಲ್ಲಿರಬೇಕು. ಅಮ್ಮನಿಗೆ ಒಂದರಲ್ಲಿದ್ದರೂ ಮೂಗು ಸೋರುತ್ತಿತ್ತು.

"ಏನಕ್ಕಾ ಇದು, ಕೋಣೇನಾ ನಂದಿಬೆಟ್ಟಾನಾ? ಹಾರ್ಕೊಂಡ್ ಹೋಗ್ತೀನಿ ನಾನು!"

"ಹೋಗು. ಹೋಗ್ವಾಗ ಶಾಲು ತಗೊಂಡ್ ಹೋಗು."

"ನಿನ್ನ ಹೊಟ್ಟೇಲಿ ಒಲೆ ಇಟ್ಟು ಹುಟ್ಸಿದಾರೆ."

"ನಿನ್ನ ಐಸ್‌ಕ್ಯಾಂಡಿ ಡಬ್ಬದಲ್ಲಿಟ್ಟು ಬೆಳ್ಸಿದಾರೆ!"

ಒಬ್ಬಳು ಎದ್ದು ತಿರುಗಿಸಿ ಬಂದು ಮಲಗಿದರೆ ಇನ್ನೊಬ್ಬಳು ಎದ್ದು ತಿರುಗಿಸುವಳು. ಇಬ್ಬರಿಗೂ ಮಂಡಿನೋವು. ಡಾಕ್ಟರು ದಿನಾ ಸ್ವಲ್ಪ ನಡೆಯಿರಿ ಎಂದಿದ್ದರು. ಇವರ ಪಾಲಿಗೆ ವಾಕಿಂಗ್ ಅಂದರೆ ರೆಗ್ಯುಲೇಟರಿನವರೆಗೆ ಹೋಗಿ ಬರುವುದು! ನನ್ನ ನೆನಪಿನಲ್ಲಿ ಅದು ಬಹುತೇಕ ಎರಡರಲ್ಲೇ ಇರುತ್ತಿತ್ತು, ಅಂದರೆ ಅಮ್ಮನೇ ಗೆಲ್ಲುತ್ತಿದ್ದಳು. ಆದರೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಅಮ್ಮನ ಕಡೆಯ ಸಾಕ್ಷಿ. ದೊಡ್ಡಮ್ಮನನ್ನು ಕೇಳಿದರೆ "ಸದಾ ನಾಲ್ಕರಲ್ಲಿತ್ತು" ಎನ್ನುತ್ತಾಳೆ. ಅವಳೂ ನಿಷ್ಪಕ್ಷಪಾತಿಯಲ್ಲ. ನಿಜ ಗೊತ್ತಿದ್ದದ್ದು ಆ ರೆಗ್ಯುಲೇಟರಿಗೆ. ಅದನ್ನು ಈಗ ಗುಜರಿಗೆ ಹಾಕಿಯಾಗಿದೆ.

ಇದು ಸಾಲದೆಂಬಂತೆ ಆ ಫ್ಯಾನಿಗೆ ಒಂದು ರೋಗವಿತ್ತು. ದೊಡ್ಡಮ್ಮ ಐದಕ್ಕಿಟ್ಟು, ಮಧ್ಯಾಹ್ನದ ಊಟದ ಮೇಲೆ ಕಣ್ಣು ಮುಚ್ಚಿದಳೋ ಇಲ್ಲವೋ, ತಾನಾಗಿ ನಿಂತುಹೋಗುತ್ತಿತ್ತು. ಬೆವೆತು ಎದ್ದು ಕೂತು "ಏನಾಯ್ತೇ ಇದಕ್ಕೆ?" ಎಂದರೆ, ಪಕ್ಕದ ಮಂಚದಿಂದ ಅಮ್ಮ ಕಣ್ಣು ತೆರೆಯದೆ "ಕರೆಂಟ್ ಹೋಗಿರ್ಬೇಕು ಕಣಕ್ಕಾ, ಮಲ್ಕೋ" ಎನ್ನುತ್ತಿದ್ದಳು. ಮಾವಳ್ಳಿಯಿಂದ ಎಲೆಕ್ಟ್ರಿಷಿಯನ್ ಮುನಿರಾಜು ಬಂದು ಕಂಡೆನ್ಸರ್ ಬದಲಾಯಿಸಿದ, ಬೇರಿಂಗ್ ಬದಲಾಯಿಸಿದ, ಕೊನೆಗೆ ರೆಕ್ಕೆಗಳನ್ನೂ ಬದಲಾಯಿಸಿದ. ರೋಗ ಮಾತ್ರ ಬದಲಾಗಲಿಲ್ಲ.

ಎರಡು ಬೇಸಿಗೆಯ ಹಿಂದೆ ಅಮ್ಮ ಹೋದಳು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ದೊಡ್ಡಮ್ಮ ಕೋಣೆಗೆ ಹೋಗಿ ಫ್ಯಾನನ್ನು ಐದಕ್ಕಿಟ್ಟಳು. ಅದು ತಿರುಗಿತು. ತಿರುಗುತ್ತಲೇ ಇತ್ತು. ಒಂದು ಮಧ್ಯಾಹ್ನವೂ ನಿಲ್ಲಲಿಲ್ಲ. ಸಂಪಿಗೆ ರಸ್ತೆಯಲ್ಲಿ ತರಕಾರಿ ಆರಿಸುತ್ತಿದ್ದ ನನಗೆ ಅವಳ ಫೋನು ಬಂತು. ಧ್ವನಿ ಪೂರ್ತಿ ನೆಗಡಿ.

"ಈ ಫ್ಯಾನು ಕೆಟ್ಟಿದೆ ಕಣೇ."

"ತಿರುಗ್ತಿಲ್ವಾ ದೊಡ್ಡಮ್ಮ?"

"ತಿರುಗ್ತಿದೆ. ಅದೇ ಕೆಟ್ಟಿರೋದು."

ಹೀಗೆ ಫ್ಯಾನು ಇಳಿಯಿತು. ಏಸಿ ಕೊಳ್ಳಲು ಅವಳೂ ನಾನೂ ಅಂಗಡಿಗೆ ಹೋದೆವು. ಮಾರುವ ಹುಡುಗ ರಿಮೋಟನ್ನು ಅವಳ ಕೈಗಿಟ್ಟ. ಅವಳು ಅದನ್ನು ಸತ್ತ ಜಿರಳೆಯಂತೆ ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು.

"ಇದು ನನ್ನ ಕೈಲೇ ಇದ್ರೆ ಜಗಳ ಯಾರ ಹತ್ರ ಆಡ್ಲಪ್ಪ? ಗೋಡೇಲಿರ್ಬೇಕು. ಗುಂಡಗಿರ್ಬೇಕು. ತಿರುಗಿಸ್ಬೇಕು ಅಂದ್ರೆ ಎದ್ದು ಹೋಗ್ಬೇಕು."

ಹುಡುಗ ನನ್ನ ಮುಖ ನೋಡಿದ. ನಾನು ಏಸಿಗಳ ಮುಖ ನೋಡಿದೆ. ಅವನು ಒಳಗೆ ಹೋಗಿ ಕರಿಗಾಜಿನ ದುಂಡನೆಯ ಒಂದು ವಸ್ತು ತಂದ. ಸ್ಮಾರ್ಟ್ ಥರ್ಮೋಸ್ಟಾಟ್. ಗೋಡೆಗೆ ಕೂರಿಸುವುದು, ಕೋಣೆಯ ಬಿಸಿ ಎಷ್ಟೆಂದು ನೋಡಿ ಇಷ್ಟು ತಂಪು ಮಾಡು, ಇನ್ನು ಸಾಕು ಎಂದು ಏಸಿಗೆ ಅಪ್ಪಣೆ ಕೊಡುವುದು. ಇದು ಸತ್ತರೆ ಏಸಿಯೂ ಸುಮ್ಮನಾಗುತ್ತದೆ.

"ಮೇಡಂ, ಇದು ನಿಮ್ಮ ಅಭ್ಯಾಸ ಎಲ್ಲಾ ತಾನೇ ಕಲ್ತ್ಕೊಳುತ್ತೆ."

"ಕಲ್ತ್ಕೊಂಡು?"

"ನಿಮಗೆ ಹೇಗೆ ಬೇಕೋ ಹಾಗೇ ಇಡುತ್ತೆ."

"ಬೇಡ ಅನ್ನಲ್ವಾ? ಎದುರು ಮಾತಾಡಲ್ವಾ?"

"ಇಲ್ಲ ಮೇಡಂ, ಖಂಡಿತ ಇಲ್ಲ!"

"ಹಾಗಾದ್ರೆ ಏನ್ ಸ್ಮಾರ್ಟು ಬಂತು?" ಎಂದಳು ದೊಡ್ಡಮ್ಮ. ಆದರೆ ಗುಂಡಗಿತ್ತಲ್ಲ, ಕೊಂಡಳು.

ಕೋಣೆಗೆ ಹೊಸ ಬಣ್ಣ ಹೊಡೆಸಿದ್ದಾಯಿತು. ಅಮ್ಮನ ಫೋಟೋವನ್ನು ಅವಳ ಮಂಚದ ತಲೆಯ ಕಡೆ, ಹಳೆಯ ಸ್ವಿಚ್ ಬೋರ್ಡಿನ ಮೇಲೆ ಹಾಕಿದೆವು. ಯಾಕೆ ಅಲ್ಲೇ ಅಂದರೆ, ಕ್ಯಾಲೆಂಡರಿನ ಮೊಳೆ ಅಲ್ಲಿತ್ತು! ಆ ಬೋರ್ಡಿನ ಬಗ್ಗೆಯೂ ಒಂದು ಮಾತು. ಮರದ ಹಲಗೆಯ ಮೇಲೆ ಸಾಲಾಗಿ ಕರಿ ಗುಂಡಿಗಳು. ಅರ್ಧಕ್ಕರ್ಧ ಎಂದೋ ಸತ್ತವು. ಯಾವುದು ಯಾವುದರದ್ದೆಂದು ಬಲ್ಲವಳು ಅಮ್ಮನೊಬ್ಬಳೇ. ಉಳಿದವರು ಎಲ್ಲವನ್ನೂ ಕೆಳಕ್ಕೆ ಒತ್ತಿಟ್ಟು ಕೈಮುಗಿಯುತ್ತಿದ್ದೆವು. ಥರ್ಮೋಸ್ಟಾಟನ್ನು ಮುನಿರಾಜು ರೆಗ್ಯುಲೇಟರ್ ಇದ್ದ ಜಾಗದಲ್ಲೇ ಕೂರಿಸಿದ. "ಕರೆಂಟು ಇಲ್ಲೇ ರೆಡಿ ಇದೆ ಅಮ್ಮಾ, ಗೋಡೆ ಒಡಿಯೋ ಕೆಲಸಾನೇ ಇಲ್ಲ" ಎಂದು ಹಳೆಯ ವೈರ್‌ಗೇ ಇದರ ಬಾಲ ಕಟ್ಟಿದ. ದೊಡ್ಡಮ್ಮನ ಬಳಿ ಸ್ಮಾರ್ಟ್ ಫೋನ್ ಇಲ್ಲವಾದ್ದರಿಂದ ಅದರ ಆ್ಯಪು ಮಲ್ಲೇಶ್ವರದಲ್ಲಿರುವ ನನ್ನ ಫೋನಿಗೆ ಬಂತು. ಅವಳ ಕೋಣೆಯ ಸೆಕೆ ನನ್ನ ಪರ್ಸಿನಲ್ಲಿ!

ಮೊದಲ ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಫೋನು ಮಿಡುಕಿತು. 'ನಿಮ್ಮ ಸಾಧನಕ್ಕೆ ವಿದ್ಯುತ್ ಸಿಗುತ್ತಿಲ್ಲ.'

ಫೋನ್ ಮಾಡಿದೆ. ಹೌದು, ಗಾಜು ಕಪ್ಪಾಗಿದೆ, ಏಸಿ ನಿಂತಿದೆ. ಸಂಜೆ ಹೋಗಿ, ಗೊತ್ತಿರುವ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ: ಮನೆಯಲ್ಲಿರುವ ಸ್ವಿಚ್ಚುಗಳನ್ನೆಲ್ಲ ಒಮ್ಮೆ ಆರಿಸಿ ಮತ್ತೆ ಹಾಕುವುದು. ಗಾಜು ಬೆಳಗಿತು. ಮುಂದಿನ ಶುಕ್ರವಾರ ಮತ್ತೆ ಸತ್ತಿತು. ಅದರ ಮುಂದಿನದೂ ಅಷ್ಟೇ. ಬೇರೆ ದಿನಗಳಲ್ಲಿ ಕಲ್ಲಿನಂತೆ ಗಟ್ಟಿ. ಶುಕ್ರವಾರ ಬೆಳಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನಕ್ಕೆ ಕಣ್ಣು ಮುಚ್ಚುತ್ತಿತ್ತು.

ನಾನು ತಲೆ ಕೆಡಿಸಿಕೊಂಡೆ. ದೊಡ್ಡಮ್ಮನ ಮುಖದಲ್ಲಿ ಮಾತ್ರ ತಿಂಗಳುಗಳಿಂದ ಕಾಣದ ಕಳೆ!

"ಇದ್ರಲ್ಲಿ ತಿಳ್ಕೊಳಕ್ಕೆ ಏನಿದ್ಯೇ? ಶುಕ್ರವಾರ ನಿಮ್ಮಮ್ಮಂಗೆ ತಲೆಸ್ನಾನ. ಕೂದ್ಲು ಒದ್ದೆ ಇರುತ್ತೆ, ಗಾಳಿ ಆಗಲ್ಲ. ಆಫ್ ಮಾಡ್ತಾಳೆ."

ಎಷ್ಟು ಸಹಜವಾಗಿ ಹೇಳಿದಳೆಂದರೆ ನಾನು ಒಂದು ಕ್ಷಣ ಬಚ್ಚಲಿನ ಕಡೆ ನೋಡಿದೆ. ಅಮ್ಮ ಒದ್ದೆ ಕೂದಲನ್ನು ಬಿಳಿ ಟವೆಲಿನಲ್ಲಿ ಗಂಟು ಕಟ್ಟಿಕೊಂಡು, ಸೀಗೆಕಾಯಿಯ ವಾಸನೆಯೊಡನೆ ಬಂದು ಮಂಚದ ಮೇಲೆ ಕೂರುತ್ತಿದ್ದುದು ಕಣ್ಣಿಗೆ ಕಟ್ಟಿತು. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಎಂದು ಯಾರು ಹೇಳಬೇಕು? ಅಮ್ಮ ತಲೆ ತೊಳೆಯುತ್ತಿದ್ದುದು ಮಂಗಳವಾರವೂ ಇರಬಹುದು. ಕೊನೆಕೊನೆಗೆ ಅವಳು ಶ್ಯಾಂಪೂ ಹಾಕುತ್ತಿದ್ದಳೆಂದೂ ಅನುಮಾನ. ಆ ಸೀಗೆಕಾಯಿ ವಾಸನೆಯನ್ನು ನಾನು ಯಾವುದೋ ಜಾಹೀರಾತಿನಿಂದ ಎತ್ತಿ ತಂದು ಅವಳ ಕೂದಲಿಗೆ ಹಚ್ಚಿರಬಹುದು. ಟವೆಲ್ ಮಾತ್ರ ನಿಜ. ಅದು ಈಗ ನನ್ನ ಬಳಿ ಇದೆ, ಬಿಳಿಯಲ್ಲ, ತಿಳಿಹಸಿರು.

ಇರಲಿ, ಯಂತ್ರಕ್ಕೆ ಬರೋಣ. ದೊಡ್ಡಮ್ಮ ಕಸ್ಟಮರ್ ಕೇರಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಮ್ಯಾಮ್, ಸ್ಕ್ರೀನ್ ಮೇಲೆ ಏನ್ ಕಾಣಿಸ್ತಿದೆ?"

"ನನ್ನ ಮುಖ."

"ಮ್ಯಾಮ್?"

"ಕರೀ ಗಾಜಲ್ವೇನಮ್ಮಾ, ಮುಖ ಕಾಣ್ದೆ ಇನ್ನೇನ್ ಕಾಣುತ್ತೆ?"

"ಮ್ಯಾಮ್, ಒಂದ್ನಿಮಿಷ ಲೈನಲ್ಲಿರಿ."

"ಊರಿಗೆಲ್ಲ ಲೈನಲ್ಲಿರಿ ಅಂತ ಹೇಳ್ತಾ ತಲೆ ಹಣ್ಣಾದವಳು ನಾನು. ನನಗೇ ಹೇಳ್ತೀಯಾ? ಹಾಗಲ್ಲ ಹೇಳೋದು. 'ದಯವಿಟ್ಟು' ಅನ್ಬೇಕು, ಅಂದು ಉಸಿರು ತಗೋಬೇಕು, ಆಮೇಲೆ 'ಲೈನಲ್ಲಿರಿ'. ಎಲ್ಲಿ, ಹೇಳು."

ಆ ಹುಡುಗಿ ಹೇಳಿದಳು! ಎರಡನೆಯ ಸಲ ಸರಿಯಾಗಿಯೂ ಹೇಳಿದಳು. ಆಮೇಲೆ ಕೇಳಿದಳು: "ಮ್ಯಾಮ್, ಮನೇಲಿ ಬೇರೆ ಯಾರಾದ್ರೂ ಸ್ವಿಚ್ ಆಫ್ ಮಾಡೋ ಚಾನ್ಸ್ ಇದ್ಯಾ?"

"ಇದೆ. ನನ್ನ ತಂಗಿ."

"ಅವರಿಗೆ ಸ್ವಲ್ಪ ಫೋನ್ ಕೊಡ್ತೀರಾ ಮ್ಯಾಮ್?"

ದೊಡ್ಡಮ್ಮ ಪಕ್ಕದ ಮಂಚದ ಕಡೆ ನೋಡಿದಳು. ಅದರ ಮೇಲೆ ಮಡಿಸಿದ ಬೆಡ್‌ಶೀಟಿತ್ತು, ಒಗೆದ ಹೊದಿಕೆ ತೊಟ್ಟ ದಿಂಬಿತ್ತು.

"ಈಗ ಬರಲ್ಲಮ್ಮ ಅವಳು," ಎಂದಳು. "ತಲೆ ಒದ್ದೆ ಇದೆ."

ಮುನಿರಾಜುವಿನ ಸಿದ್ಧಾಂತವೇ ಬೇರೆ. ಅದರಲ್ಲೂ ತಲೆಸ್ನಾನವೇ ಬಂತೆಂಬುದು ವಿಚಿತ್ರ. "ಶುಕ್ರವಾರ ಅಲ್ವಾ ಮೇಡಂ, ಬೀದಿ ಪೂರ್ತಿ ತಲೆಗೆ ನೀರ್ ಹಾಕ್ಕೊಂತಾರೆ. ಎಲ್ಲಾ ಮನೇಲೂ ಗೀಜರ್ ಆನು. ವೋಲ್ಟೇಜು ಡೌನು!" ಸ್ಟೆಬಿಲೈಸರ್ ಬಂತು. ಶುಕ್ರವಾರ ಸ್ಟೆಬಿಲೈಸರ್ ಹಸಿರು ದೀಪ ಉರಿಸಿಕೊಂಡು ಕೂತಿತ್ತು, ಥರ್ಮೋಸ್ಟಾಟು ಸತ್ತಿತ್ತು. ಆಮೇಲೆ ಇಲಿಯ ಮೇಲೆ ಸಂಶಯ ಬಂತು. "ವೈರ್ ಕಡೀತಿದೆ ಮೇಡಂ." ಶುಕ್ರವಾರ ಮಾತ್ರ ಕಡಿಯುವ ಇಲಿಯೇ? "ಮಿಕ್ಕಿದ್ ದಿನ ಪಕ್ಕದ್ಮನೇಲಿ ಇರ್ಬೋದು." ಅಷ್ಟು ಹೇಳಿ ಅವನೂ ಮನೆಯ ಸ್ವಿಚ್ಚುಗಳನ್ನೆಲ್ಲ ಪಟಪಟನೆ ಆರಿಸಿ ಹಾಕುವನು, ಗಾಜು ಬೆಳಗುವುದು, "ಬಂತ್ ನೋಡಿ!" ಎಂದು ನಮ್ಮ ಕಡೆ ಗೆದ್ದವನ ನೋಟ ಬೀರುವನು. ಯಾವುದರಿಂದ ಬಂತೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಂದ ಕರೆಂಟನ್ನು ಎಲ್ಲಿಂದ ಬಂದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಈ ನಡುವೆ ನನಗೂ ಏನೋ ಆಗಿತ್ತು. ಶುಕ್ರವಾರ ಮಧ್ಯಾಹ್ನ ಆಫೀಸಿನ ಮೀಟಿಂಗಿನಲ್ಲಿ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಳ್ಳುತ್ತಿದ್ದೆ. 'ನಿಮ್ಮ ಸಾಧನಕ್ಕೆ ವಿದ್ಯುತ್ ಸಿಗುತ್ತಿಲ್ಲ' ಎಂದು ಬಂದ ಕೂಡಲೇ ಒಳಗೊಳಗೇ, ಆಯ್ತು, ಅಮ್ಮ ತಲೆಗೆ ನೀರು ಹಾಕಿಕೊಂಡಳು ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡೆನೆಂದು ಗೊತ್ತಾದ ದಿನ ಗಾಬರಿಯಾಯಿತು. ದೊಡ್ಡಮ್ಮನ ಹುಚ್ಚು ವೈಫೈಯಲ್ಲೂ ಹರಡುತ್ತದೆಯೇ? ಈ ಯಂತ್ರವನ್ನು ಸರಿಮಾಡಿಸಲೇಬೇಕು ಎಂದು ಹಟ ಹಿಡಿದೆ. ಬೇಸಿಗೆ ಬೇರೆ ಏರುತ್ತಿತ್ತು. ಈ ವಯಸ್ಸಿನಲ್ಲಿ ಅವಳು ವಾರಕ್ಕೊಮ್ಮೆ ಬೇಯುವುದು ಎಲ್ಲಿಯ ನ್ಯಾಯ?

"ಹಳೇ ವೈರೇ ಬೇಡ. ಮೀಟರ್ ಹತ್ರದಿಂದ ಹೊಸ ಲೈನ್ ಎಳೀರಿ," ಎಂದೆ ಮುನಿರಾಜುವಿಗೆ.

ಎಳೆದ. ದೊಡ್ಡಮ್ಮ ಬೇಡವೆನ್ನಲಿಲ್ಲ. "ನಿಮ್ಮಿಷ್ಟ" ಎಂದು ಅವನಿಗೆ ಕಾಫಿ ಕೊಟ್ಟಳು. ಅದರಲ್ಲಿ ಸಕ್ಕರೆ ಹಾಕಿರಲಿಲ್ಲ.

ಶುಕ್ರವಾರ ಬಂತು. ಮಧ್ಯಾಹ್ನವಾಯಿತು. ಫೋನು ಮೇಜಿನ ಮೇಲೆ ಅಂಗಾತ ಮಲಗಿತ್ತು. ಮಿಡುಕಲಿಲ್ಲ. ಊಟ ಮಾಡಿ ಬಂದು ನೋಡಿದೆ. ಆ್ಯಪು ತೆಗೆದೆ: ಎಲ್ಲವೂ ಸರಿಯಾಗಿದೆ, ಕೋಣೆ ತಂಪಾಗಿದೆ. ಮನುಷ್ಯರಾದವರು ಸಂತೋಷಪಡಬೇಕಾದ ಸುದ್ದಿ ತಾನೇ? ಆಗ ಫೋನು ರಿಂಗಾಯಿತು.

"ಇವತ್ತು ಆಫ್ ಆಗ್ಲಿಲ್ಲ ಕಣೇ."

"ರಿಪೇರಿ ಆಗಿದೆಯಲ್ಲ ದೊಡ್ಡಮ್ಮ."

ಆ ಕಡೆ ಏಸಿಯ ಗುಂಯ್ ಎನ್ನುವ ಸದ್ದು. 

"ಹೋಗ್ಬಿಟ್ಲು ಅನ್ಸುತ್ತೆ," ಎಂದಳು.

ಅರ್ಧ ದಿನ ರಜ ಬರೆದು ಹೊರಟೆ. ಹೋಗಿ ಏನು ಮಾಡುವೆನೆಂದು ಗೊತ್ತಿರಲಿಲ್ಲ. ದೊಡ್ಡಮ್ಮ ತನ್ನ ಮಂಚದ ಅಂಚಿನಲ್ಲಿ ಕೂತಿದ್ದಳು. ಕೋಣೆ ಫ್ರಿಜ್ಜಿನಂತೆ ತಣ್ಣಗಿತ್ತು. ಎಂದೂ ಶಾಲು ಹೊದೆಯದವಳು ಅಮ್ಮನ ಶಾಲು ಹೊದ್ದಿದ್ದಳು.

"ಹೂವು ಸೊಟ್ಟಗಿದೆ ನೋಡು," ಎಂದಳು. "ನನಗೆ ಸರಿಯಾಗಿ ಎಟುಕಲ್ಲ. ಸ್ವಲ್ಪ ನೆಟ್ಟಗೆ ಮಾಡು."

ಅಮ್ಮನ ಫೋಟೋಗೆ ಮಿಕ್ಕ ದಿನಗಳಲ್ಲಿ ಗಂಧದ ಹಾರ. ಶುಕ್ರವಾರ ಮಾತ್ರ ಗಾಂಧಿಬಜಾರಿನ ಮಲ್ಲಿಗೆ. ಬೆಳಗ್ಗೆ ಸ್ನಾನವಾದ ಕೂಡಲೇ ದೊಡ್ಡಮ್ಮ ಅಮ್ಮನ ಮಂಚ ಹತ್ತಿ ಮುಡಿಸುತ್ತಾಳೆ. ನಾನೂ ಹತ್ತಿದೆ. ಹಾಸಿಗೆ ಮೆತ್ತಗೆ ಕುಸಿದು ಕಾಲು ಓಲಾಡಿತು. ಬೀಳದಿರಲೆಂದು ಗೋಡೆಗೆ ಕೈ ಊರಿದೆ.

ಟಿಕ್.

ಕೈ ಸ್ವಿಚ್ ಬೋರ್ಡಿನ ಮೇಲಿತ್ತು. ಎಲ್ಲ ಗುಂಡಿಗಳೂ ಕೆಳಗಿದ್ದವು. ಅದುವರೆಗೆ ಮೇಲೆದ್ದಿದ್ದ ಒಂದು ನನ್ನ ಹೆಬ್ಬೆರಳಿನಡಿ ಆಗಷ್ಟೇ ಕೆಳಗಿಳಿದಿತ್ತು. ಉಳಿದ ಗುಂಡಿಗಳ ಮೇಲೆ ಧೂಳು ಹೆಪ್ಪುಗಟ್ಟಿತ್ತು. ಇದೊಂದು ತಿಕ್ಕಿ ತಿಕ್ಕಿ ಹುಣಸೆಬೀಜದಂತೆ ನುಣುಪಾಗಿತ್ತು. ಬೋರ್ಡಿನಿಂದ ಹೊರಟ ವೈರಿನ ಮರದ ಪಟ್ಟಿ, ಹೊಸ ಬಣ್ಣದ ಅಡಿಯಲ್ಲಿ, ನೆಟ್ಟಗೆ ಹೋಗಿ ಥರ್ಮೋಸ್ಟಾಟಿನ ಹಿಂದೆ, ಅಂದರೆ ರೆಗ್ಯುಲೇಟರಿದ್ದ ಜಾಗದಲ್ಲಿ, ಗೋಡೆಯೊಳಗೆ ಹೊಕ್ಕಿತ್ತು.

ಇದು ಫ್ಯಾನಿನ ಸ್ವಿಚ್ಚು! ಮಲಗಿದಲ್ಲಿಂದ ಏಳದೆ, ಕಣ್ಣು ತೆರೆಯದೆ, ತಲೆಯ ಹಿಂದಕ್ಕೆ ಕೈ ಚಾಚಿದರೆ ಎಟುಕುವ ಎತ್ತರ. 'ಕರೆಂಟ್ ಹೋಗಿರ್ಬೇಕು ಕಣಕ್ಕಾ, ಮಲ್ಕೋ.' ಕಂಡೆನ್ಸರು, ಬೇರಿಂಗು, ರೆಕ್ಕೆ! ರೆಗ್ಯುಲೇಟರಿನ ಮುಂದೆ ನಡೆದದ್ದೆಲ್ಲ ಊರಿಗೆ ತೋರಿಸುವ ಯುದ್ಧ; ನಿಜವಾದ ಯುದ್ಧವನ್ನು ನಮ್ಮಮ್ಮ ಹೆಬ್ಬೆರಳಿನಲ್ಲಿ ಗೆಲ್ಲುತ್ತಿದ್ದಳು. ಅವಳು ಹೋದ ಮೇಲೆ, ಶುಕ್ರವಾರ ಬೆಳಗ್ಗೆ ಹೂವು ಮುಡಿಸಲು ಹತ್ತಿದ ದೊಡ್ಡಮ್ಮನ ಕೈ ಅದೇ ಗುಂಡಿಯ ಮೇಲೆ ಊರುತ್ತಿತ್ತು. ಯಂತ್ರದ ಹೊಟ್ಟೆಯಲ್ಲೊಂದು ಪುಟ್ಟ ಬ್ಯಾಟರಿ ಇದ್ದುದರಿಂದ ಒಂದಷ್ಟು ಹೊತ್ತು ಉಸಿರು ಹಿಡಿದಿದ್ದು ಮಧ್ಯಾಹ್ನಕ್ಕೆ ಆರುತ್ತಿತ್ತು. ಅಷ್ಟೇ. ಇಲಿ ನಿರಪರಾಧಿ.

"ಸರಿಯಾಯ್ತಾ?" ಎಂದಳು ದೊಡ್ಡಮ್ಮ.

"ಸರಿಯಾಯ್ತು," ಎಂದೆ. ಹೂವಿನ ಬಗ್ಗೆ ಮಾತ್ರ ಹೇಳಿದೆ.

ಹೊರಗೆ ಬಂದು ಮುನಿರಾಜುವಿಗೆ ಫೋನ್ ಮಾಡಿದೆ. ಹೊಸ ಲೈನ್ ಕಿತ್ತು ಮೊದಲಿನ ಹಾಗೇ ಹಳೆಯ ವೈರ್‌ಗೆ ಕೊಡಬೇಕು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮೇಡಂ, ಕೆಟ್ಟಿದ್ದನ್ನ ರಿಪೇರಿ ಮಾಡು ಅಂತ ಕರೀತಾರೆ. ರಿಪೇರಿ ಆಗಿದ್ದನ್ನ ಕೆಡಿಸು ಅಂತ ನನ್ನ ಸರ್ವೀಸಲ್ಲಿ ಯಾರೂ ಕರೆದಿಲ್ಲ! ಮತ್ತೆ ಶುಕ್ರವಾರ ಶುಕ್ರವಾರ ಆಫ್ ಆಗುತ್ತಲ್ಲ?"

"ಆಗ್ಲಿ."

"ಹೋಗ್ಲಿ, ಆ ಇಲಿ ಸಿಕ್ತಾ?"

"ಸಿಕ್ತು," ಎಂದೆ. "ಸಾಕ್ಕೊಂಡಿದ್ದೀವಿ."

ಮುಂದಿನ ಶುಕ್ರವಾರ ರಜ ಹಾಕಿ ಬೆಳಗ್ಗೆಯೇ ಅಲ್ಲಿದ್ದೆ. ದೊಡ್ಡಮ್ಮ ಸ್ನಾನ ಮಾಡಿ ಬಂದಳು, ಮಲ್ಲಿಗೆಯ ತುಂಡು ಹಿಡಿದು ಅಮ್ಮನ ಮಂಚ ಹತ್ತಿದಳು, ಗೋಡೆಗೆ ಕೈ ಊರಿದಳು. ಟಿಕ್ ಎಂದಿತು. ಅವಳು ಬೋರ್ಡಿನ ಕಡೆ ನೋಡಲಿಲ್ಲ. ಹೆಬ್ಬೆರಳು ಅಲ್ಲಿ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತೆಂದು ನನಗನ್ನಿಸಿತು. ನನಗನ್ನಿಸುವುದಕ್ಕೆ ಎಷ್ಟು ಬೆಲೆಯೆಂದು ಆಗಲೇ ಹೇಳಿದ್ದೇನೆ.

ಊಟ ಮಾಡಿ ಇಬ್ಬರೂ ಕೋಣೆಗೆ ಬಂದು ಕೂತೆವು. ಗಾಜಿನ ಬೆಳಕು ಸಣ್ಣದಾಯಿತು, ಮಿಣುಕಿತು, ಆರಿತು. ಏಸಿ ದೊಡ್ಡ ಉಸಿರು ಬಿಟ್ಟು ನಿಂತಿತು. ನನ್ನ ಪರ್ಸಿನಲ್ಲಿ ಫೋನು ಮಿಡುಕಿತು.

"ನೋಡ್ದ್ಯಾ? ನೋಡ್ದ್ಯಾ ಇವಳ್ನ!" ದೊಡ್ಡಮ್ಮ ನೆಟ್ಟಗೆ ಕೂತಳು. ಫೋಟೋ ಕಡೆ ಕೈ ನೀಡಿ ಶುರು ಮಾಡಿದಳು. "ಬೇಯ್ತಿದೀನಲ್ಲೇ ನಾನು! ಒಂದಿನ, ಒಂದೇ ಒಂದಿನ ಅಕ್ಕ ಹಾಯಾಗಿ ಮಲಗ್ಲಿ ಅನ್ಸಲ್ವೇನೇ ನಿನಗೆ? ಐಸ್‌ಕ್ಯಾಂಡಿ ಡಬ್ಬದಲ್ಲಿ ಹುಟ್ಟಿದವಳೇ!"

ಬಿಸಿಲು ಕಿಟಕಿ ದಾಟಿ ಬಂದು ನೆಲದ ಮೇಲೆ ಮಲಗಿತು. ಅವಳ ಹಣೆಯಲ್ಲಿ ಬೆವರು ಮೂಡಿತು.

"ಸ್ವಿಚ್ ಹಾಕ್ಲಾ ದೊಡ್ಡಮ್ಮ?" ಎಂದೆ.

"ಬೇಡ ಬಿಡು. ತಲೆ ಒಣಗ್ಲಿ."

ದಿಂಬಿನಡಿಯಿಂದ ಬೀಸಣಿಗೆ ತೆಗೆದು ಗಾಳಿ ಹಾಕಿಕೊಳ್ಳತೊಡಗಿದಳು. ಎರಡು ಸಲ ಬೀಸಿ ನಿಲ್ಲಿಸಿದಳು. ಆಮೇಲೆ, ಮಂಡಿ ಹಿಡಿದುಕೊಂಡು, ಕಷ್ಟಪಟ್ಟು, ಗಾಳಿ ಆ ಮಂಚದ ಕಡೆ ಹೋಗದ ಹಾಗೆ ಗೋಡೆಯತ್ತ ತಿರುಗಿ ಕೂತು, ಮೆಲ್ಲಗೆ ಬೀಸಿಕೊಂಡಳು.